ದೊಡ್ಡಮ್ಮನ ಶುಕ್ರವಾರ

ಮರುಭೂಮಿಯ ಗಾಫ್ ಮರದ ಕಟ್ಟಿಗೆಯ ಹೊಗೆ ಮೂಗಿಗೆ ಮೊದಲು ಸ್ವಲ್ಪ ಸಿಹಿ. ಆಮೇಲೆ ಗಂಟಲಿಗೆ ಹೋಗಿ ಕಹಿಯಾಗಿ ಕೂರುತ್ತದೆ. ಮೊನ್ನೆ ಶನಿವಾರ ನಮ್ಮ ಕುಟುಂಬದವರೆಲ್ಲ ಸೇರಿ ದುಬೈಯಿಂದ ಅಲ್ ಐನ್‌ಗೆ ಹೋಗುವ ರಸ್ತೆಯಾಚೆ ಒಂದು ಫಾರ್ಮ್ ಸ್ಟೇಗೆ ಹೋಗಿದ್ದೆವು. ಈಗ ಅದೊಂದು ಶೋಕಿ. ವಾರವಿಡೀ ಜುಮೇರಾ ಲೇಕ್ ಟವರ್ಸ್‌ನ ಗಾಜಿನೊಳಗೆ ಕೂತು ಕಂಪ್ಯೂಟರ್ ನೋಡುವ ನನ್ನಂಥವರು ಬಾಡಿಗೆ ಕೊಟ್ಟು ಮರಳಿನಲ್ಲಿ ಕೂತು, ಮಕ್ಕಳಿಗೆ ಆಡು ತೋರಿಸಿ, ಫೋಟೋ ತೆಗೆದು ಬರುವುದು. ಅಲ್ಲಿಯ ಕೆಲಸದವನು ಒಣಕಟ್ಟಿಗೆ ಜೋಡಿಸಿ ಬೆಂಕಿ ಹಚ್ಚಿದ. ಹೊಗೆ ನೇರ ನನ್ನ ಮುಖಕ್ಕೇ ಬಂತು. ಪಕ್ಕಕ್ಕೆ ಸರಿ ಎಂದು ತಮ್ಮ ಎರಡು ಸಲ ಹೇಳಿದ. ನಾನು ಸರಿಯಲಿಲ್ಲ. ಅದು ದೊಡ್ಡಮ್ಮನ ಸೆರಗಿನ ವಾಸನೆ...

ದೊಡ್ಡಮ್ಮ ಎಂದರೆ ನನ್ನ ಅಪ್ಪನ ದೊಡ್ಡಣ್ಣನ ಹೆಂಡತಿ. ಉಡುಪಿ ಕಡೆಯಿಂದ ಈ ದೇಶಕ್ಕೆ ಮೊದಲು ಬಂದವರು ದೊಡ್ಡಪ್ಪ. ಇದೇ ರಸ್ತೆಯಿಂದ ಇನ್ನೂ ಒಳಗೆ, ಗಾಫ್ ಮರ, ಮುಳ್ಳುಕಂಟಿ, ಮರಳು ಬಿಟ್ಟರೆ ಬೇರೇನೂ ಇಲ್ಲದ ಕಡೆ, ಒಬ್ಬ ಅರಬ್ ಯಜಮಾನರ ಖರ್ಜೂರದ ತೋಟ ಮತ್ತು ಆಡಿನ ಹಟ್ಟಿ ನೋಡಿಕೊಳ್ಳುವ ಕೆಲಸ ಅವರದು. ನಾವೆಲ್ಲ ಅರಬಾಬ್ ಎಂದೇ ಕರೆಯುತ್ತಿದ್ದ ಆ ಮುದಿ ಯಜಮಾನರು ಒಳ್ಳೆಯವರು. ಹೆಂಡತಿಯನ್ನು ಕರೆಸಿಕೋ ಎಂದರು, ದೊಡ್ಡಮ್ಮ ಬಂದರು. ತಮ್ಮಂದಿರನ್ನು ಕರೆಸಿಕೋ ಎಂದರು, ಅಪ್ಪ ಬಂದರು, ಚಿಕ್ಕಪ್ಪ ಬಂದರು. ಅವರ ಮದುವೆಯಾಗಿ ಅಮ್ಮ, ಚಿಕ್ಕಮ್ಮ ಬಂದರು. ಆಮೇಲೆ ಸಾಲುಸಾಲಾಗಿ ನಾವು ಮಕ್ಕಳು. ಊರಿನಲ್ಲಿ ನೆಂಟರೆಲ್ಲ ಪಾಲು ಮಾಡಿಕೊಂಡು ಮುಖ ತಿರುಗಿಸಿ ಓಡಾಡುತ್ತಿದ್ದ ಕಾಲದಲ್ಲಿ ನಾವು ಮರುಭೂಮಿಯ ನಡುವೆ ಒಂದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣುತ್ತಿದ್ದೆವು. ಆ ಒಲೆ ದೊಡ್ಡಮ್ಮನದು.

ಅಮ್ಮ ನರ್ಸ್, ಚಿಕ್ಕಮ್ಮ ಒಂದು ಶಾಲೆಯ ಆಫೀಸಿನಲ್ಲಿ. ಇಬ್ಬರೂ ಬೆಳಿಗ್ಗೆ ಹೊರಟರೆ ಬರುವುದು ಸಂಜೆಗೆ. ಹಾಗಾಗಿ ನಮ್ಮನ್ನು ಎಬ್ಬಿಸಿದ್ದು, ಮೀಯಿಸಿದ್ದು, ಬೈದದ್ದು ಎಲ್ಲ ದೊಡ್ಡಮ್ಮ. ಸ್ವಂತ ಮಕ್ಕಳು ಅವರಿಗೆ ಇರಲಿಲ್ಲ. ಬೇಸಿಗೆಯಲ್ಲಿ ಟ್ಯಾಂಕಿಯ ನೀರು ಮೈ ಸುಡುವಷ್ಟು ಬಿಸಿ. ಹಿಂದಿನ ದಿನವೇ ಡ್ರಮ್ಮಿನಲ್ಲಿ ಹಿಡಿದು ನೆರಳಿನಲ್ಲಿಟ್ಟು ಆರಿಸಿದ ನೀರನ್ನು ಅವರೇ ಅಳೆದು ಹೊಯ್ಯುತ್ತಿದ್ದರು, ಸಣ್ಣವರಿಗೆ ಮೊದಲು, ದೊಡ್ಡವರಿಗೆ ಉಳಿದಷ್ಟು. ಶಾಲೆಯ ವ್ಯಾನ್ ಡಾಂಬರು ರಸ್ತೆಯವರೆಗೆ ಮಾತ್ರ ಬರುತ್ತಿತ್ತು. ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೈಗೆ ಕೊಟ್ಟು, ಬರಿಗಾಲಲ್ಲಿ ಮರಳು ದಾಟಿಸಿ, ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಒಬ್ಬೊಬ್ಬರ ಪಾದ ಸೆರಗಿನಿಂದ ಒರೆಸಿ ಬೂಟು ತೊಡಿಸುತ್ತಿದ್ದರು. ಸಂಜೆ ನನ್ನ ತಲೆ ಬಾಚುವಾಗ, “ಇದೆಂತ ಮಾರಾಯ್ತಿ, ತಲೆಯಾ ಮರಳಿನ ದಿಬ್ಬವಾ?” ಎನ್ನುವರು. ಖರ್ಜೂರದ ಗರಿಗಳಿಂದ ಚಪ್ಪರ ಹಾಕಿ ಬಸಳೆ ಹಬ್ಬಿಸಿದ್ದರು. ಆಡುಗಳ ಹತ್ತಿರ ತುಳು, ಅರಬಾಬರ ಹತ್ತಿರ ಅರಬಿ. ಅವರಷ್ಟು ಚೆನ್ನಾಗಿ ಅರಬಿ ನಮ್ಮ ಮನೆಯ ಗಂಡಸರಿಗೂ ಬರುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಗ್ಯಾಸ್ ಇತ್ತು. ಆದರೆ ಕುಚ್ಚಲಕ್ಕಿ ಬೇಯುವುದು ಮಾತ್ರ ಹೊರಗೆ, ಮೂರು ಕಲ್ಲಿನ ಒಲೆಯ ಮೇಲೆ, ಬಿದ್ದ ಗಾಫ್ ಕೊಂಬೆಗಳ ಬೆಂಕಿಯಲ್ಲಿ. ಗಂಜಿ ಬಡಿಸುವ ಸೌಟು ದೊಡ್ಡಮ್ಮನ ಕೈ ಬಿಟ್ಟು ಬೇರೆಯವರ ಕೈಗೆ ಹೋಗುತ್ತಿರಲಿಲ್ಲ. ಯಾರಿಗೆಷ್ಟು ಹಸಿವು ಎಂದು ಅವರಿಗೆ ಗೊತ್ತು, ಕೇಳುವ ಕ್ರಮವೇ ಇರಲಿಲ್ಲ. ಶುಕ್ರವಾರ ಬಂತೆಂದರೆ ದುಬೈಯಿಂದ ಊರಿನವರು ತೋಟ ನೋಡುವ ನೆಪದಲ್ಲಿ ಕಾರು ತುಂಬ ಬರುತ್ತಿದ್ದರು. ಎಲ್ಲರಿಗೂ ರಜೆ. ಚಿಕ್ಕಪ್ಪ ದುಬೈಯ ದೇರಾ ಪೇಟೆಯಿಂದ ಬಂಗುಡೆ ತರುವರು, ಕೋಳಿ ಕೊಯ್ಯುವರು, ಮಸಾಲೆ ಅರೆಯುವುದು, ಬಡಿಸುವುದು, ಆಮೇಲೆ ರಾಶಿ ಪಾತ್ರೆ... ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡುವಾಗ ಸೂರ್ಯ ಮುಳುಗಿರುತ್ತಿತ್ತು. ಅವರ ಕೈ ಕೆಸರು, ನಮ್ಮೆಲ್ಲರ ಬಾಯಿ ಮೊಸರು. ಗಾದೆ ಮಾಡಿದವರಿಗೆ ಇಂಥದ್ದೂ ಒಂದು ಲೆಕ್ಕ ಇದೆಯೆಂದು ಗೊತ್ತಿರಲಿಲ್ಲವೇನೋ.

ನಾನು ಪ್ರೈಮರಿಯಲ್ಲಿದ್ದಾಗ ದೊಡ್ಡಪ್ಪ ತೀರಿಕೊಂಡರು. ಎದೆ ಹಿಡಿದುಕೊಂಡು ಹಟ್ಟಿಯ ಬಾಗಿಲಲ್ಲೇ ಕುಸಿದಿದ್ದರು. ದುಃಖ ಆರುವ ಮೊದಲೇ ಇನ್ನೊಂದು ತಾಪತ್ರಯ ಎದುರಾಯಿತು. ದೊಡ್ಡಮ್ಮ ಇಲ್ಲಿ ಇದ್ದದ್ದು ಗಂಡನ ವೀಸಾದ ಮೇಲೆ. ಗಂಡ ಹೋದರೆ ಅದೂ ಹೋಯಿತು. ಮೈದುನನ ಹೆಸರಿನಲ್ಲಿ ಅತ್ತಿಗೆ ಇರಲು ಕಾನೂನಿನಲ್ಲಿ ದಾರಿ ಇಲ್ಲ. ಊರಿಗೆ ಹೋಗುತ್ತೇನೆ ಎಂದು ಅವರು ಒಂದು ಸಲ ಹೇಳಿದ್ದು ನನಗೆ ನೆನಪಿದೆ. ಎಲ್ಲರೂ ಅತ್ತರು. ಓರಗಿತ್ತಿಯನ್ನು ಅಕ್ಕ ಎಂದೇ ಕರೆಯುತ್ತಿದ್ದ ಅಮ್ಮ, ಅಕ್ಕ ಹೋದರೆ ಮಕ್ಕಳ ಗತಿ ಏನೆಂದು ಕೇಳಿದಳು. ಮಕ್ಕಳ ಗತಿ ಎಂದರೆ ತನ್ನ ಡ್ಯೂಟಿಯ ಗತಿ ಎಂದು ನನಗೆ ಅರ್ಥವಾದದ್ದು ಬಹಳ ತಡವಾಗಿ. ಕೊನೆಗೆ ಅರಬಾಬರೇ ಉಪಾಯ ಹೇಳಿದರು. ತಮ್ಮ ಹೆಸರಿನಲ್ಲಿ ಮನೆಕೆಲಸದವರ ವೀಸಾ ಮಾಡಿಸುತ್ತೇನೆ, ಅದು ಕಾಗದದಲ್ಲಿ ಮಾತ್ರ, ಇರುವುದು ಹೇಗಿದ್ದರೋ ಹಾಗೆಯೇ ಎಂದರು. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ದೊಡ್ಡಮ್ಮನೂ ತಲೆಯಾಡಿಸಿದರು.

ಕಾಗದದಲ್ಲಿ ಮಾತ್ರ! ಕೆಲವೇ ತಿಂಗಳಲ್ಲಿ, ತೋಟಗಳಿಗೆ ತಪಾಸಣೆಯವರು ಬರುತ್ತಾರಂತೆ ಎಂದು ಸುದ್ದಿ ಹಬ್ಬಿತು. ಮನೆಕೆಲಸದವಳು ಯಜಮಾನಿಯ ಕೋಣೆಯಲ್ಲಿ ಮಲಗುತ್ತಾಳೆಂದರೆ ಯಾರು ನಂಬುತ್ತಾರೆ? ಅಪ್ಪ, ಚಿಕ್ಕಪ್ಪ ಸೇರಿ ದೊಡ್ಡಮ್ಮನ ಮಂಚವನ್ನು ಹಟ್ಟಿಯ ಪಕ್ಕದ ಮೇವಿನ ಕೋಣೆಗೆ ಸಾಗಿಸಿದರು. ಎರಡು ದಿನಕ್ಕೆ ಅತ್ತಿಗೆ, ತೋರಿಕೆಗೆ ಎಂದರು. ಬಂದವರು ಬೆವರು ಒರೆಸಿಕೊಳ್ಳುತ್ತ ಒಂದು ಸುತ್ತು ಹಾಕಿ, ಈಕೆ ಯಾರೆಂದು ಕೇಳಿದರು. ಅಮ್ಮ ಹೆದರಿಕೊಂಡೇ ಕೆಲಸದವಳು ಎಂದಳು. ದೊಡ್ಡಮ್ಮ ತಲೆ ತಗ್ಗಿಸಿ ಬಸಳೆಯ ಬುಡಕ್ಕೆ ನೀರು ಹೊಯ್ಯುತ್ತಿದ್ದರು. ತಪಾಸಣೆಯವರು ಹೋದ ಮೇಲೆ ಎಲ್ಲರೂ ನಕ್ಕರು, ದೊಡ್ಡಮ್ಮನೂ ನಕ್ಕರು. ಪಾತ್ರ ಚೆನ್ನಾಗಿ ಮಾಡಿದ್ದೀರಿ ಎಂದು ಚಿಕ್ಕಪ್ಪ ತಮಾಷೆಯನ್ನೂ ಮಾಡಿದರು.

ಮಂಚ ಮಾತ್ರ ವಾಪಸು ಬರಲಿಲ್ಲ. ಖಾಲಿಯಾದ ಕೋಣೆಯಲ್ಲಿ ಚಿಕ್ಕಪ್ಪನ ದೊಡ್ಡ ಮಗ ಪರೀಕ್ಷೆಗೆ ಓದಲು ಕೂತ. ಪರೀಕ್ಷೆ ಮುಗಿದರೂ ಅಲ್ಲೇ ಉಳಿದ. ಇನ್ನೊಂದು ಶುಕ್ರವಾರ ಅಮ್ಮನ ಆಸ್ಪತ್ರೆಯ ಗೆಳತಿಯರು ಬಂದರು. ಅವರಲ್ಲಿ ಒಬ್ಬಾಕೆ ದೊಡ್ಡಮ್ಮನ ಮಾಸಿದ ಸೀರೆ ನೋಡಿ, ನಿಮ್ಮ ಮೇಡ್ ಬಹಳ ಚೆನ್ನಾಗಿ ಅಡುಗೆ ಮಾಡುತ್ತಾಳೆ ಎಂದಳು. ಆವತ್ತು ಯಾವ ತಪಾಸಣೆಯೂ ಇರಲಿಲ್ಲ. ಅಮ್ಮ ತಿದ್ದಲಿಲ್ಲ. ಮೊದಲ ಸಲ ಭಯಕ್ಕೆ, ಎರಡನೆಯ ಸಲ ಅನುಕೂಲಕ್ಕೆ, ಆಮೇಲೆ ನಾಲಿಗೆಗೆ ಅದೇ ಅಭ್ಯಾಸವಾಯಿತು. ನನ್ನ ತಮ್ಮ ಶಾಲೆಯ ಗೆಳೆಯರಿಗೆ ಇಂಗ್ಲಿಷಿನಲ್ಲಿ ಹೇಳುವಾಗಲೂ ಅದೇ ಪದ. ಅಷ್ಟು ಇಂಗ್ಲಿಷ್ ದೊಡ್ಡಮ್ಮನಿಗೆ ಅರ್ಥವಾಗುತ್ತಿತ್ತು. ನೆಂಟರು ಬಂದಾಗ ಅವರು ಕುರ್ಚಿಯಲ್ಲಿ ಕೂರುವುದನ್ನು ಬಿಟ್ಟರು. ಬೇಯಿಸುವುದು ಅವರೇ, ಆದರೆ ಸೌಟು ಯಾವಾಗಲೋ ಅಮ್ಮನ ಕೈಗೆ ಬಂದಿತ್ತು. ಅದು ಯಾವ ದಿನವೆಂದು ನನಗೆ ನೆನಪಿಲ್ಲ... ಯಾರಿಗೂ ಇರಲಿಕ್ಕಿಲ್ಲ. ಅಮ್ಮ ಒಬ್ಬೊಬ್ಬರನ್ನೂ ಸಾಕಾ, ಬೇಕಾ ಎಂದು ಕೇಳಿ ಬಡಿಸುತ್ತಿದ್ದಳು.

ನಾನು ಹತ್ತನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅರಬಾಬ್ ತೀರಿಕೊಂಡರು. ತೋಟ ಮುಚ್ಚುವುದೆಂದು ಅವರ ಮಕ್ಕಳು ತೀರ್ಮಾನಿಸಿದರು. ಅಪ್ಪನಿಗೆ ಅವರದ್ದೇ ದುಬೈ ಗೋದಾಮಿನಲ್ಲಿ ಕೆಲಸ ಕೊಡುವುದೆಂದಾಯಿತು. ದೇರಾದಲ್ಲಿ ಬೇರೆ ಬೇರೆ ಫ್ಲ್ಯಾಟ್ ನೋಡಿ ಬಂದ ಅಮ್ಮ, ಚಿಕ್ಕಮ್ಮ ಯಾವ ಗೋಡೆಗೆ ಯಾವ ಬಣ್ಣ ಎಂದು ಮಾತಾಡುತ್ತಿದ್ದರು. ದೊಡ್ಡಮ್ಮ ಯಾರ ಫ್ಲ್ಯಾಟಿಗೆ ಎಂಬುದನ್ನು ಮಾತ್ರ ಯಾರೂ ಎತ್ತಲಿಲ್ಲ. ಜಾಗ ಸಣ್ಣದು, ವೀಸಾ ನೋಡಿದರೆ ಅರಬಾಬರ ಹೆಸರಿನಲ್ಲಿ, ನೋಡುವ, ನೋಡುವ ಎನ್ನುತ್ತಿದ್ದರು. ಹೊಳೆ ದಾಟಿದ ಮೇಲೆ ಅಂಬಿಗ ನೆನಪಾಗುವುದಿಲ್ಲ ಎನ್ನುತ್ತಾರೆ. ನಮ್ಮವರು ದಡ ಕಂಡ ಕೂಡಲೇ ಮರೆತರು.

ಒಂದು ಮಧ್ಯಾಹ್ನ ಅರಬಾಬರ ದೊಡ್ಡ ಮಗ ಬಂದು ಜಗಲಿಯಲ್ಲಿ ಕೂತ. ತಂದೆಯ ಉಪಾಯ ಅವನಿಗೆ ಗೊತ್ತಿರಲಿಲ್ಲ. ಅಪ್ಪ, ಚಿಕ್ಕಪ್ಪ ಎದುರಿಗಿದ್ದರು. ಅಬುಧಾಬಿಯಲ್ಲಿ ತಾಯಿ ಒಬ್ಬರೇ ಆಗಿದ್ದಾರೆ, ಜೊತೆಗೆ ಅರಬಿ ಬಲ್ಲ ಹೆಂಗಸು ಬೇಕು, ಈಕೆ ಹೇಗೂ ನಮ್ಮ ತಂದೆಯ ವೀಸಾದಲ್ಲಿದ್ದಾಳಲ್ಲ ಎಂದ. ಆಮೇಲೆ ಅವನಾಗಿಯೇ ಕೇಳಿದ, ಈಕೆ ನಿಮ್ಮ ಮನೆಯವಳೇ? ಹಾಗಿದ್ದರೆ ಈಗಲೇ ಹೇಳಿ, ನಾನು ಬೇರೆ ಯಾರನ್ನಾದರೂ ನೋಡುತ್ತೇನೆ. ದೊಡ್ಡಮ್ಮ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರು ಅಪ್ಪನ ಮುಖವನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ನಮ್ಮ ಅತ್ತಿಗೆ ಎಂದು ಹೇಳಿದರೆ ಇಷ್ಟು ವರ್ಷದ ಸುಳ್ಳು ಹೊರಗೆ ಬೀಳುತ್ತದೆ, ಹೊಸ ಕೆಲಸಕ್ಕೆ ಕುತ್ತು ಬಂದೀತು. ಅಪ್ಪ ಅದನ್ನೇ ಲೆಕ್ಕ ಹಾಕಿದರೆಂದು ಕಾಣುತ್ತದೆ.

“ಮನೆಯವಳಲ್ಲ” ಎಂದರು ಅಪ್ಪ. “ಅಡುಗೆಯವಳು.”

ದೊಡ್ಡಮ್ಮ ತಟ್ಟೆ ತಂದು, ಮೊದಲು ಬಂದವನಿಗೆ ಕೊಟ್ಟು, ಆಮೇಲೆ ಅಪ್ಪನ ಮುಂದೆ ಹಿಡಿದರು. ಬರುತ್ತೇನೆಂದು ಅವರೇ ಅರಬಿಯಲ್ಲಿ ಅವನಿಗೆ ಹೇಳಿದರು. ಸಂಜೆ ಅವರು ಬಟ್ಟೆ ಮಡಚುತ್ತಿದ್ದಾಗ ಅಮ್ಮ ಮೇವಿನ ಕೋಣೆಯ ಬಾಗಿಲಿಗೆ ಬಂದು ಅಳಲು ಶುರು ಮಾಡಿದಳು. ಅಕ್ಕ, ಹೋಗಬೇಡಿ, ಏನಾದರೂ ಮಾಡುವ ಎಂದಳು.

ದೊಡ್ಡಮ್ಮ ಮಡಚುವುದನ್ನು ನಿಲ್ಲಿಸಲಿಲ್ಲ. “ಕೆಲಸದವಳು ಅಂತ ಆದ ಮೇಲೆ ಕೆಲಸದವಳಾಗಿಯೇ ಇರುವುದು ಒಳ್ಳೆಯದಲ್ವಾ?” ಎಂದರು. “ಅಲ್ಲಿ ಶುಕ್ರವಾರ ರಜೆ ಉಂಟಂತೆ.”

ಮರುದಿನ ಕಾರು ಬಂತು. ಒಂದು ಚೀಲ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಸಳೆಯ ಕಡ್ಡಿ. ಬರಿಗಾಲಲ್ಲಿ ಮರಳು ದಾಟಿ, ರಸ್ತೆ ಬದಿಯಲ್ಲಿ ಪಾದ ಒರೆಸಿಕೊಂಡು ಚಪ್ಪಲಿ ಹಾಕಿಕೊಂಡರು. ನಾನು ಹಿಂದೆಯೇ ಓಡಿ ಹೋಗಿದ್ದೆ. ನನ್ನ ತಲೆ ಮುಟ್ಟಿ, ದಿನಾ ಬಾಚಿಕೋ ಎಂದಷ್ಟೇ ಹೇಳಿದರು.

ಆಮೇಲೆ ಹಬ್ಬಕ್ಕೆ, ಮದುವೆಗೆ ಅಪ್ಪ ಫೋನು ಮಾಡಿ ಬನ್ನಿ ಅತ್ತಿಗೆ ಎನ್ನುತ್ತಿದ್ದರು. ಅವರದ್ದು ಒಂದೇ ಉತ್ತರ, ರಜೆ ಇಲ್ಲ. ನನಗೆ ಕೆಲಸ ಸಿಕ್ಕಿದ ಮೇಲೆ ಒಂದು ಶುಕ್ರವಾರ ನಾನೇ ಅಬುಧಾಬಿಗೆ ಹೋದೆ. ದೊಡ್ಡಮ್ಮ ವಿಲ್ಲಾದ ಹಿಂದಿನ ಜಗಲಿಯಲ್ಲಿ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದರು. ಇಸ್ತ್ರಿ ಮಾಡಿದ ಸೀರೆ. ಪಕ್ಕದಲ್ಲಿ ಹಬ್ಬಿದ ಬಸಳೆ. ಆ ಮನೆಯ ಮಗಳೇ ಇಬ್ಬರಿಗೂ ಚಹಾ ತಂದಿಟ್ಟು ಹೋದಳು. ಊಟಕ್ಕೆ ಏನೆಂದು ಕೇಳಿದರೆ ದೊಡ್ಡಮ್ಮ ನಕ್ಕು, “ಇವತ್ತು ನಾನು ಎಂತದೂ ಮಾಡುವುದಿಲ್ಲ, ಹೋಟೆಲಿನಿಂದ ತರಿಸುವ” ಎಂದರು. ಹಾಗೆ ನಕ್ಕದ್ದನ್ನು ನಾನು ತೋಟದಲ್ಲಿ ನೋಡಿಯೇ ಇರಲಿಲ್ಲ. ಆಡುಗಳನ್ನು ಯಾರಿಗೆ ಮಾರಿದರೆಂದು ಕೇಳಿದರು. ಅಪ್ಪ, ಅಮ್ಮನ ವಿಷಯ ಕೇಳಲಿಲ್ಲ.

ಆ ಮನೆಯ ಮುದುಕಿ ತೀರಿಕೊಂಡ ಮೇಲೆ ದೊಡ್ಡಮ್ಮ ಊರಿಗೆ, ತಮ್ಮ ತವರಿಗೆ ಹೋದರು. ಕಳೆದ ವರ್ಷ ಅಲ್ಲೇ ಹೋಗಿಬಿಟ್ಟರು. ನಮಗೆ ಸುದ್ದಿ ಬಂದದ್ದು ಬೂದಿ ಆರಿದ ಮೇಲೆ. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಮ್ಮನ್ನೆಲ್ಲ ಸಾಕಿದ ತಾಯಿ ಎಂದು ತಮ್ಮ ಬರೆದ. ಇಂಗ್ಲಿಷಿನಲ್ಲಿ. ನಾನು ಫೋನು ಕವುಚಿಟ್ಟೆ. ಸಿಟ್ಟು ಬಂದರೆ ನನಗೆ ಬರೆಯಲಿಕ್ಕಾಗುವುದಿಲ್ಲ.

ಮೊನ್ನೆ ಆ ಬೆಂಕಿಯ ಸುತ್ತ ಎಲ್ಲರೂ ಇದ್ದರು. ಅಪ್ಪ ಇಲ್ಲ, ತೀರಿಹೋಗಿ ಬಹಳ ವರ್ಷವಾಯಿತು. ಅಮ್ಮ ಈಗ ನನ್ನ ವೀಸಾದ ಮೇಲೆ ನನ್ನ ಜೊತೆಗಿದ್ದಾಳೆ. ಹೊಗೆ ಅವಳ ಕಡೆಗೂ ತಿರುಗಿತು. ಅವಳು ಕಣ್ಣೊರೆಸಿಕೊಂಡು, ಮೊದಲು ತೋಟದಲ್ಲಿ ಹೀಗೆಯೇ ಬೆಂಕಿ ಹಾಕಿ ಗಂಜಿ ಬೇಯಿಸುತ್ತಿದ್ದೆವು ಎಂದಳು. ಬೇಯಿಸುತ್ತಿದ್ದೆವಂತೆ! ಯಾರು ಬೇಯಿಸುತ್ತಿದ್ದುದು ಎಂದು ತಮ್ಮನ ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಅಮ್ಮ ನನ್ನ ಮುಖ ನೋಡಿದಳು. ನಾನು ಸಹಾಯ ಮಾಡಲಿಲ್ಲ.

“ನನ್ನ ಅಕ್ಕ” ಎಂದಳು ಅಮ್ಮ. “ನಮ್ಮ ಮನೆಗೇ ದೊಡ್ಡವರು.”

ಧ್ವನಿ ಸ್ಪಷ್ಟವಾಗಿತ್ತು. ಈಗ ಹೇಳಲು ಭಯವೇನಿತ್ತು? ಕೇಳಬೇಕಾಗಿದ್ದವರಿಗೆ ಇನ್ನು ಕೇಳಿಸುವುದಿಲ್ಲ. ಮಗು ಅಷ್ಟರಲ್ಲಿ ಆಡಿನ ಕಡೆಗೆ ಓಡಿಹೋಗಿತ್ತು. ನಾನು ಎದ್ದು ಹೋಗಿ ಅಮ್ಮನ ತಟ್ಟೆಗೆ ಊಟ ಬಡಿಸಿದೆ. ದೊಡ್ಡಮ್ಮ ಕೇಳುತ್ತಿರಲಿಲ್ಲ. ನಾನು ಎಷ್ಟು ಬೇಕೆಂದು ಕೇಳಿಯೇ ಬಡಿಸಿದೆ.