ಅರಬೈಲ್ ಘಟ್ಟ ಹತ್ತಿದ ಫಿಯೆಟ್

ಹಳೆಯ ಫಿಯೆಟ್ ಕಾರುಗಳನ್ನು ಕೊಂಡು, ಸರಿಮಾಡಿ ಮಾರುವುದು ನಮ್ಮ ಮನೆಯ ಕಸುಬು. ಅಂಕೋಲೆಯ ಹೆದ್ದಾರಿ ಬದಿಯ ಶೆಡ್ಡಿನಲ್ಲಿ ನನ್ನ ಗಂಡ ತಗಡಿನ ಕೆಲಸ ಮಾಡುತ್ತಾರೆ, ಬಣ್ಣ ಹೊಡೆಯುವವಳು ನಾನು. ಕೊಳ್ಳುವ, ಮಾರುವ ಮಾತೂ ನನ್ನದೇ. ಚೌಕಾಶಿ ಶುರುವಾದರೆ ಸಾಕು, ಅವರು ಸುತ್ತಿಗೆ ಎತ್ತಿಕೊಂಡು ಕಾರಿನಡಿ ಸೇರಿಬಿಡುತ್ತಾರೆ. ಗದ್ದೆ ಕೆಲಸ ಮಾಡಿಕೊಂಡು ಬೆಳೆದ ಹೆಂಗಸು ಕಾರಿನ ವ್ಯಾಪಾರಕ್ಕೆ ನಿಂತದ್ದು ಊರಿಗೆ ಮೊದಲು ತಮಾಷೆಯಾಗಿತ್ತು, ಆಮೇಲೆ ತಕರಾರಾಯಿತು. ಎರಡನ್ನೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇಟಲಿಯವರು ಸಂಸಾರಸ್ಥರಿಗೆಂದು ರೂಪಿಸಿದ, ಮುಂಬಯಿಯಲ್ಲಿ ತಯಾರಾಗಿ ನಮ್ಮ ಕಡೆಯ ಡಾಕ್ಟರು, ವಕೀಲರು, ಬಾಡಿಗೆ ಗಾಡಿಯವರ ಮನೆಗೆಲ್ಲ ಬಂದ ಕಾರು ಅದು. ಗೇರು ಸ್ಟಿಯರಿಂಗಿನ ಪಕ್ಕದಲ್ಲೇ ಇರುವುದರಿಂದ ಮುಂದಿನ ಉದ್ದ ಸೀಟಿನಲ್ಲಿ ಮೂವರು ಕೂರಬಹುದು.

ಕೆಲವು ವರ್ಷಗಳ ಹಿಂದೆ ಕಾರವಾರದ ಬೈತಖೋಲದಲ್ಲಿ ಮೀನು ವ್ಯಾಪಾರ ಮಾಡುವ ಮುದುಕಿಯೊಬ್ಬರ ಮನೆಯ ಹಿಂದೆ ಅಂಥದೊಂದು ಸಿಕ್ಕಿತು. ಅವರ ಗಂಡ ತೀರಿಕೊಂಡ ಮೇಲೆ ಅದನ್ನು ಯಾರೂ ಹೊರಗೆ ತೆಗೆದಿರಲಿಲ್ಲ. ಉಪ್ಪುಗಾಳಿಗೆ ಅಡಿಯ ತಗಡು ಉದುರಿ, ಒಳಗೆ ಕೂತರೆ ಕಾಲು ಮಣ್ಣಿಗೇ ತಾಗುತ್ತಿತ್ತು. ಗುಜರಿಗೆ ಕೊಟ್ಟುಬಿಡು ಎಂದು ಮಕ್ಕಳು ಹಟ ಹಿಡಿದಿದ್ದರು.

"ಗುಜರಿಯವ ತೂಕಕ್ಕೆ ಹಾಕ್ತಾ. ಕಾರು ಅಂದ್ರೆ ಬಂಗಡೆ ಮೀನೇನೇ? ನೀ ಓಡಿಸ್ತೆ ಅಂದ್ರೆ ತಕಂಡು ಹೋಗು," ಅಂದರು ಮುದುಕಿ.

"ಓಡಿಸ್ತೆ ಆಯೀ," ಅಂದೆ.

ಆ ಮಳೆಗಾಲವಿಡೀ ನನ್ನ ಗಂಡ ಹೊಸ ತಗಡು ಕತ್ತರಿಸಿ ವೆಲ್ಡಿಂಗ್ ಮಾಡಿದರು. ನಾನು ಹಳೆಯ ಬಣ್ಣವನ್ನೆಲ್ಲ ಉಜ್ಜಿ ತೆಗೆದೆ. ಮಳೆ ಹಿಂದೆಗೆದು ಗಾಳಿಯ ತೇವ ಕಡಿಮೆಯಾದ ಮೇಲೆ ತಿಳಿ ಹಸಿರು ಹೊಡೆದೆ.

ದೀಪಾವಳಿಯ ಹೊತ್ತಿಗೆ ಹಳೇ ಗಾಡಿಗಳ ದಲ್ಲಾಳಿಯೊಬ್ಬ ಗೋವೆಯ ರೆಸಾರ್ಟ್ ಮಾಲೀಕನೊಬ್ಬನನ್ನು ಕರೆದುಕೊಂಡು ಬಂದ. ಮಾಲೀಕ ಕಾರಿನ ಸುತ್ತ ತಿರುಗಿ, "ಯಜಮಾನ್ರು ಎಲ್ಲಿ?" ಎಂದು ಕೇಳಿದ.

"ಒಳಗೆ ಕೆಲಸ ಮಾಡ್ತಾ ಇದ್ದಾರೆ. ಮಾತು ನನ್ನ ಹತ್ರ ಆಡಿ."

ನಾನು ಹೇಳಿದ ಬೆಲೆಗೆ ಅವನು ಚೌಕಾಶಿಯನ್ನೇ ಮಾಡದೆ ಒಪ್ಪಿಕೊಂಡ. ಅಷ್ಟು ಬೇಗ ಒಪ್ಪಿದ್ದೇ ನನಗೆ ಸರಿ ಕಾಣಲಿಲ್ಲ. ಕಾರನ್ನು ಓಡಿಸುವವರು ಯಾರು ಎಂದು ಕೇಳಿದೆ. ಓಡಿಸುವುದಕ್ಕಲ್ಲ ಎಂದು ಅವನು ನಕ್ಕ. ಅರ್ಧಕ್ಕೆ ಕೊಯ್ದು, ಮುಂದಿನ ಭಾಗವನ್ನು ಬಾರಿನ ಕೌಂಟರ್ ಮಾಡುತ್ತಾನಂತೆ. ಹೆಡ್‌ಲೈಟಿನೊಳಗೆ ಬಣ್ಣದ ಬಲ್ಬು ಹಾಕಿಸುತ್ತಾನಂತೆ.

"ಹಾಗಾದ್ರೆ ಕೊಡೂದಿಲ್ಲ," ಅಂದೆ.

"ಇನ್ನೂ ಜಾಸ್ತಿ ಕೊಡ್ತೇನೆ."

"ಎಷ್ಟು ಕೊಟ್ರೂ ಇಲ್ಲ. ಕೌಂಟರಿಗೆ ಹಲಗೆ ಸಾಕು."

ದಲ್ಲಾಳಿ ಕೈ ಹಿಸುಕಿಕೊಂಡ. ಮಾಲೀಕ ಹೋದ. ಆ ಸಂಜೆ ನನ್ನ ಗಂಡ ಅಪರೂಪಕ್ಕೆ ಸಿಟ್ಟು ಮಾಡಿದರು.

"ಮಾರಿದ ಮೇಲೆ ಅದು ಅವ್ರದು. ಕೊಯ್ಲಿ, ಸುಡ್ಲಿ, ನಮಗೆಂತ?"

"ಕೊಯ್ಯೂಕೆ ಅಂತ ನೀವು ಅಷ್ಟೆಲ್ಲ ವೆಲ್ಡಿಂಗ್ ಮಾಡಿದ್ರಾ?"

ಅವರು ಊಟಕ್ಕೆ ಕೂತರು. ಅವರ ಮಾತಿನಲ್ಲೂ ನ್ಯಾಯವಿತ್ತು. ಅದು ಗೊತ್ತಿದ್ದೂ ನಾನು ಜಗ್ಗಲಿಲ್ಲ.

ಕಮಿಷನ್ ತಪ್ಪಿದ ದಲ್ಲಾಳಿ ಸುಮ್ಮನಿರಲಿಲ್ಲ. ಅಂಕೋಲೆಯಿಂದ ಕಾರವಾರದವರೆಗೆ ಒಂದು ಸುದ್ದಿ ಹಬ್ಬಿಸಿದ: ಆ ಕಾರಿನ ಮೇಲೆ ಬಣ್ಣ, ಒಳಗೆಲ್ಲ ತೂತು ಮುಚ್ಚಿದ ಬರೀ ಪುಟ್ಟಿ, ಒಂದು ದಿಬ್ಬ ಕೂಡ ಹತ್ತುವುದಿಲ್ಲ, ಹೆಂಗಸಿನ ಮಾತು ನಂಬಿ ಕೆಡಬೇಡಿ. ಕೇಳಿಕೊಂಡು ಬರುವವರು ನಿಂತರು. ಕಾರವಾರದಾಚೆಯ ಸದಾಶಿವಗಡದ ಒಬ್ಬ ಮಾಸ್ತರು ಹೆಚ್ಚು ಕಡಿಮೆ ಒಪ್ಪಿದ್ದರು, ಅವರೂ ಫೋನು ಮಾಡಿ ಬೇಡವೆಂದರು. ನನಗೆ ಮೈ ಉರಿಯಿತು.

"ಮಾಸ್ತರೇ, ಈ ಭಾನುವಾರ ಮನೆಯವ್ರನ್ನೆಲ್ಲ ಕರ್ಕಂಡು ಬನ್ನಿ. ಅರಬೈಲ್ ಘಟ್ಟ ಹತ್ತುವ. ಹತ್ತಲಿಲ್ಲ ಅಂದ್ರೆ ತಕಳ್ಳಬೇಡಿ," ಅಂದೆ. ದಲ್ಲಾಳಿಗೂ ಫೋನು ಮಾಡಿದೆ. "ಸುದ್ದಿ ಹೇಳಿದವ್ರು ನೋಡೂಕೂ ಬರಬೇಕು."

ಅವನು ಬಂದ. ನಾನು ಸೋಲುವುದನ್ನು ನೋಡಲಿಕ್ಕೇ ಬಂದಿರಬೇಕು. ಮುಂದೆ ನನ್ನ ಪಕ್ಕ ಮಾಸ್ತರ ತಾಯಿ, ಆಚೆ ಮಾಸ್ತರು. ಹಿಂದೆ ಅವರ ಹೆಂಡತಿ, ಮಗಳು, ದಲ್ಲಾಳಿ. ಗಂಡ ನೀರಿನ ಕ್ಯಾನೊಂದನ್ನು ಡಿಕ್ಕಿಯಲ್ಲಿಟ್ಟು, ಶೆಡ್ಡಿನ ಬಾಗಿಲಲ್ಲಿ ನಿಂತರು.

ಘಟ್ಟದ ಅರ್ಧದಲ್ಲಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿಬಿದ್ದೆವು. ತೆವಳುವ ಲಾರಿಗಳ ಹಿಂದೆ ತೆವಳುತ್ತ ಹೋಗುವಾಗ ಬಾನೆಟ್ಟಿನಿಂದ ಬಿಸಿ ವಾಸನೆ ಬಂತು. ಅಗಲವಾದೊಂದು ತಿರುವಿನಲ್ಲಿ ಬದಿಗೆ ತೆಗೆದು ಎಂಜಿನ್ ಆರಿಸಿ, ಬಾನೆಟ್ ಎತ್ತಿದೆ.

ದಲ್ಲಾಳಿ ಕೆಳಗಿಳಿದು ಕೈ ತಟ್ಟಿದ. "ನೋಡಿದ್ರಾ ಮಾಸ್ತರೇ? ನಿಂತೇಹೋಯ್ತು!"

"ನಿಂತದ್ದಲ್ಲ, ನಾನು ನಿಲ್ಲಿಸಿದ್ದು."

ಮಾಸ್ತರು ನನ್ನನ್ನೂ ಕಾರನ್ನೂ ನೋಡುತ್ತ ನಿಂತಿದ್ದರು. ಆಗ ಸೀಟಿನಲ್ಲೇ ಕೂತಿದ್ದ ಅವರ ತಾಯಿ ಕಿಟಕಿಯಿಂದ ತಲೆ ಹೊರಗೆ ಹಾಕಿ ದಲ್ಲಾಳಿಯನ್ನು ಕರೆದರು.

"ಏ ತಮಾ, ನಾನೂ ಮೆಟ್ಲು ಹತ್ತೂವಾಗ ನಡುವೆ ಒಂದ್ಸಲ ನಿಂತು ಉಸ್ರು ತಕಂತೆ. ನನ್ನನ್ನೂ ಗುಜರಿಗೆ ಹಾಕೂಕೆ ಹೇಳ್ತ್ಯಾ?"

ಮೊಮ್ಮಗಳು ಕಿಲಕಿಲ ನಕ್ಕಳು. ಮಾಸ್ತರೂ ನಕ್ಕರು. ಬಿಸಿ ಆರುವವರೆಗೆ ಕಾದು, ರೇಡಿಯೇಟರಿಗೆ ನೀರು ತುಂಬಿಸಿ ಚಾವಿ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆಮೇಲೆ ಘಟ್ಟದ ತಲೆಯವರೆಗೆ ಎಲ್ಲೂ ನಿಲ್ಲಿಸಲಿಲ್ಲ.

ಮೇಲೆ ಚಾ ಕುಡಿದ ಮೇಲೆ ದಲ್ಲಾಳಿ ತಾನು ಬಸ್ಸಿಗೆ ಹೋಗುತ್ತೇನೆಂದ.

"ಹತ್ತಿಸಿದವಳೇ ಇಳಿಸ್ತೆ. ಕೂತ್ಕಳ್ಳಿ," ಅಂದೆ. ಕೂತ. ಈಗಲೂ ಅವನು ನನ್ನ ಮೇಲೆ ಹೊಸ ಹೊಸ ಸುದ್ದಿ ಹಬ್ಬಿಸುತ್ತಾನೆ. ಹಬ್ಬಿಸಲಿ.

ಮಾಸ್ತರು ಕೊಟ್ಟದ್ದು ಗೋವೆಯವ ಒಪ್ಪಿದ್ದಕ್ಕಿಂತ ಕಡಿಮೆಯೇ. ಅದಕ್ಕೆ ನಾನು ಒಂದು ದಿನವೂ ಕೊರಗಲಿಲ್ಲ. ಕಾರು ಒಯ್ಯಲು ಬಂದ ದಿನ ಅವರು ಹೆದ್ದಾರಿಗೆ ಇಳಿಯುತ್ತಿದ್ದ ಹಾಗೆ ಹಿಂದಿನಿಂದ ದೊಡ್ಡದೊಂದು ಹೊಸ ಗಾಡಿ ಹಾರ್ನಿನ ಮೇಲೆ ಹಾರ್ನು ಹೊಡೆಯಿತು. ಪಕ್ಕದಲ್ಲಿ ಕೂತಿದ್ದ ಅವರ ತಾಯಿ ಕಿಟಕಿಯಿಂದ ಕೈ ಹೊರಗೆ ಹಾಕಿ, ತಡಿ ತಡಿ ಎನ್ನುವ ಹಾಗೆ ಆಡಿಸಿದರು. ಮಾಸ್ತರು ಅವಸರ ಮಾಡದೆ ಗೇರು ಬದಲಿಸಿ ಕಾರವಾರದ ಕಡೆ ಹೊರಟರು.