ಮಾದೇವಿಯ ಮೂರಕ್ಷರ

2003ರಲ್ಲಿ ಹೊನ್ನಾವರದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಡಿಜಿಟಲ್ ಮುದ್ರಣದ ಅಂಗಡಿ ಇತ್ತು. ಮದುವೆ ಆಲ್ಬಮ್ಮುಗಳ ನಡುವೆ ಆಗೀಗ ಆರ್ಟ್ ಪ್ರಿಂಟ್ ಕೆಲಸವೂ ಬರುತ್ತಿತ್ತು. ಮೂಲಚಿತ್ರವನ್ನು ಸ್ಕ್ಯಾನ್ ಮಾಡಿ, ಬೇಗ ಮಾಸದ ಪಿಗ್ಮೆಂಟ್ ಇಂಕಿನಲ್ಲಿ, ದಪ್ಪ ಹತ್ತಿ ಕಾಗದದ ಮೇಲೆ ಎಣಿಸಿದಷ್ಟೇ ಪ್ರತಿ ತೆಗೆಯಬೇಕು. ಪ್ರತಿಯೊಂದನ್ನೂ ಕಲಾವಿದರು ನೋಡಿ, ಒಪ್ಪಿ, ಕೆಳಗೆ ಪೆನ್ಸಿಲಿನಲ್ಲಿ ಸಹಿ ಹಾಕಬೇಕು. ಅದಿಲ್ಲದಿದ್ದರೆ ಕ್ಯಾಲೆಂಡರಿಗೂ ಅದಕ್ಕೂ ವ್ಯತ್ಯಾಸವಿಲ್ಲ.

ಆ ವರ್ಷ ಚಿತ್ರ ಮಾರುವ ಕುಮಟೆಯ ಏಜೆಂಟನೊಬ್ಬ ಹಳದೀಪುರದ ಮಾದೇವಕ್ಕನಿಂದ ಹಾಳೆಯ ಮೇಲೆ ಚಿತ್ರ ಬರೆಸಿ ತಂದ. ಕೆಮ್ಮಣ್ಣು ಬಳಿದ ಗೋಡೆಗೆ ಶೇಡಿಯಿಂದ, ಅಂದರೆ ಬಿಳಿ ಮಣ್ಣಿನಿಂದ, ಚಿತ್ರ ಬರೆಯುವುದರಲ್ಲಿ ಪಳಗಿದ ಕೈ ಅವಳದು. ಆದರೆ ಹೆಸರು ಬರೆಯಲು ಕಲಿತದ್ದು ಐವತ್ತು ದಾಟಿದ ಮೇಲೆ, ಸಾಕ್ಷರತಾ ತರಗತಿಯಲ್ಲಿ. ನಲವತ್ತು ಪ್ರತಿ ಸಿದ್ಧವಾದಾಗ ಸಹಿಗೆ ಬಂದಳು. ಹಾಳೆಯಡಿ ಹಳೇ ಪೇಪರಿನ ಕಟ್ಟು ಇಟ್ಟುಕೊಂಡು ಪೆನ್ಸಿಲ್ ಒತ್ತಿ ಒತ್ತಿ ಮಾದೇವಿ ಎಂಬ ಮೂರಕ್ಷರ ಬರೆಯುವಳು. ಒಂದು ಮುಗಿದರೆ ಬೆರಳು ಕೊಡವಿ ಮತ್ತೊಂದು ಹಿಡಿಯುವಳು. ಸಂಜೆಗೆ ಹನ್ನೆರಡು ಮುಗಿದವು. ಉಳಿದದ್ದಕ್ಕೆ ನಾಳೆ ಬರುವೆನೆಂದು ಬಸ್ಸು ಹತ್ತಿದಳು.

ಏಜೆಂಟನಿಗೆ ಅಷ್ಟು ತಾಳ್ಮೆ ಎಲ್ಲಿ? ಪ್ರದರ್ಶನ ಹತ್ತಿರ ಬಂತು, ಸಹಿಯನ್ನೂ ಸ್ಕ್ಯಾನ್ ಮಾಡಿ ಹೊಡೆದುಬಿಡು ಎಂದ. ಅವನನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹೂಂ ಎಂದ ನನ್ನನ್ನು ನೆನೆದರೆ ಇನ್ನೂ ಹೆಚ್ಚು. ಉಳಿದ ಇಪ್ಪತ್ತೆಂಟು ಹಾಳೆಗಳನ್ನು ಮತ್ತೆ ಯಂತ್ರಕ್ಕೆ ಕೊಟ್ಟು, ಪೆನ್ಸಿಲಿನದೇ ಬೂದು ಬಣ್ಣದಲ್ಲಿ ಅವಳ ಸಹಿ ಅಚ್ಚು ಹಾಕಿದೆ. ನಾಚಿಕೆಗೇಡಿ ನಾನು, ಎಷ್ಟು ಚೆನ್ನಾಗಿ ಬಂತೆಂದು ಬೀಗಿದ್ದೆ ಬೇರೆ.

ಮರುದಿನ ಬೆಳಿಗ್ಗೆ ಮಾದೇವಕ್ಕ ಬಂದಾಗ ಏಜೆಂಟ ಹಾಳೆಗಳನ್ನು ಕಟ್ಟುತ್ತಿದ್ದ. ಸಹಿ ಎಲ್ಲ ಆತು, ನೀನು ಮನೆಗೆ ಹೋಗು ಎಂದ. ಅವಳು ಮೇಲಿನದೊಂದನ್ನು ಎತ್ತಿ ನೋಡಿದಳು. ಮಗುಚಿ ಹಿಂಬದಿಗೆ ಬೆರಳಾಡಿಸಿದಳು. ಅವಳು ಒತ್ತಿ ಬರೆದ ಹಾಳೆಗಳ ಹಿಂದೆ ಅಕ್ಷರ ಉಬ್ಬಿ ಕೈಗೆ ಹತ್ತುತ್ತಿತ್ತು. ಇದು ನುಣ್ಣಗಿತ್ತು. ಇನ್ನೊಂದನ್ನು ಮುಟ್ಟಿದಳು, ಮತ್ತೊಂದನ್ನು ಮುಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಂಗೆ ಬರ್ಯೂಕೆ ಬತ್ತದಲ್ಲ ತಮಾ. ಮತ್ಯಾಕೆ ನೀ ಬರ್ದೆ?"

ಏಜೆಂಟ ನಡುವೆ ಬಾಯಿ ಹಾಕಿದ.

"ಫ್ರೇಮ್ ಹಾಕಿದ್ಮೇಲೆ ಹಿಂದ್ಬದಿ ಯಾರು ನೋಡ್ತಾರೆ ಮಾರಾಯ್ತಿ?" ಎಂದು ನಕ್ಕ.

ಆ ನಗೆಗೆ ನನ್ನ ತಲೆ ಕೆಟ್ಟಿತು. ಕಟ್ಟನ್ನು ಅವನ ಕೈಯಿಂದ ಕಿತ್ತುಕೊಂಡು, ಆ ಇಪ್ಪತ್ತೆಂಟನ್ನೂ ಕಾಗದ ಕತ್ತರಿಸುವ ಕಟರಿಗೆ ಒಡ್ಡಿ ನಡುಮಧ್ಯಕ್ಕೆ ಕತ್ತರಿಸಿದೆ. ಅವನು ಬಾಯಿಗೆ ಬಂದಂತೆ ಬೈದ; ನಾನೂ ಬಿಡಲಿಲ್ಲ. ಬೇಕಿದ್ದರೆ ಕಾಯಿ, ಇಲ್ಲದಿದ್ದರೆ ನಡೆ ಎಂದೆ. ಇಪ್ಪತ್ತೆಂಟು ಹೊಸ ಪ್ರತಿ ತೆಗೆದೆ. ಮಾದೇವಕ್ಕ ಮೂರು ದಿನ ಬಂದು ಸಹಿ ಹಾಕಿದಳು. ಹಾಕಿದ್ದನ್ನೆಲ್ಲ ತಾನೇ ಮಗುಚಿ ಮುಟ್ಟಿ ನೋಡಿದಳು.

ಬರೆಯುವ ಕೈ ಎಷ್ಟು ನಿಧಾನವಾದರೂ ಯಂತ್ರ ನಿಲ್ಲಿಸಿ ಕಾಯುವುದು ಮುದ್ರಕನ ಕೆಲಸ. ಇದನ್ನು ಕಲಿಯಲು ನನಗೆ ಅವಳ ಒಂದು ಪ್ರಶ್ನೆ ಬೇಕಾಯಿತು.