ಚೈನಾಗ್ರಾಸಿಗೆ ಹೊಡೆದ ಗುಂಡು

ಕಾರಿನ ವೇಗ ವಿಚಾರಿಸುವಂತೆ ಗುಂಡಿನ ವೇಗ ವಿಚಾರಿಸುವ ಗಿರಾಕಿಗಳನ್ನು ಕಂಡರೆ ಲಕ್ಷ್ಮೀಪತಿ ರಾಯರಿಗೆ ಮೈ ಉರಿಯುತ್ತಿತ್ತು. ದೋಹಾದಲ್ಲಿ ಬೇಟೆ ಸಾಮಾನಿನ ಅಂಗಡಿಯೊಂದರ ಸೇಲ್ಸ್‌ಮನ್ ಅವರು; ಊರು ಪಡುಬಿದ್ರಿ, ಮೊಟ್ಟೆಯನ್ನೂ ಮುಟ್ಟಿದವರಲ್ಲ. ಲೆಕ್ಕ ಬರೆಯಲು ಬಂದವರನ್ನು ಕೌಂಟರಿನಲ್ಲಿ ನಿಲ್ಲಿಸಿದವರು ಮ್ಯಾನೇಜರ್, ಉಳ್ಳಾಲದ ಹಸೈನಾರ್; ಬ್ರಾಹ್ಮಣರೆಂದು ರಾಯರನ್ನು ಅವರು ಕರೆಯುತ್ತಿದ್ದದ್ದು 'ಭಟ್ರೇ' ಎಂದೇ. ಗುಂಡಿನ ವಿದ್ಯೆಯನ್ನು ರಾಯರು ಕಲಿತದ್ದು ಕ್ಯಾಟಲಾಗಿನಿಂದ ಮತ್ತು ಆಫ್ರಿಕಾದಿಂದ ಮರಳಿದವರ ಬೈಗುಳದಿಂದ.

ಎರಡು ಸಾವಿರದ ಆರರ ನವೆಂಬರಿನಲ್ಲಿ ಹಾಗೆ ಬೈಯಲು ಬಂದವನು ಸಯೀದ್ ಎಂಬ ಕತಾರಿ. ಟಾಂಜಾನಿಯಾದಲ್ಲಿ ಎಲ್ಯಾಂಡ್ ಎಂಬ ಎತ್ತಿನ ಗಾತ್ರದ ಜಿಂಕೆಯ ಭುಜಕ್ಕೆ ಅವನು ಇದೇ ಅಂಗಡಿಯ ಹಗುರ ಗುಂಡು ಹೊಡೆದಿದ್ದ. ಗಾಯಗೊಂಡ ಪ್ರಾಣಿ ಪೊದೆ ಹೊಕ್ಕದ್ದು ಮತ್ತೆ ಸಿಕ್ಕಿರಲಿಲ್ಲ. ಈಗ ಪುನಃ ಹೊರಟಿದ್ದ. ಇನ್ನೂ ವೇಗದ ಗುಂಡು ಬೇಕಂತೆ.

ರಾಯರು ಹೇಳಿ ಹೇಳಿ ಸೋತರು. ಹಗುರವಾದ ವೇಗದ ಗುಂಡು ದೊಡ್ಡ ಪ್ರಾಣಿಯ ಮೈಗೆ ಹೊಕ್ಕೊಡನೆ ಚೂರಾಗಿ, ಶಕ್ತಿಯನ್ನೆಲ್ಲ ಮೇಲ್ಮಾಂಸದಲ್ಲೇ ಚೆಲ್ಲಿಬಿಡುತ್ತದೆ. ಭಾರದ ಗುಂಡಿನ ತುದಿ ಅಣಬೆಯಂತೆ ಅರಳಿದರೂ ಅದು ಒಡೆಯದೆ ಶ್ವಾಸಕೋಶದವರೆಗೆ ಸಾಗುತ್ತದೆ. ಶಕ್ತಿ ಎಷ್ಟೆಂಬುದಕ್ಕಿಂತ ಅದು ಎಲ್ಲಿ ಇಳಿಯುತ್ತದೆಂಬುದೇ ಮುಖ್ಯ. ಸಯೀದ್ ಕೈಯಾಡಿಸಿದ: "ಮಾತು ಮಾಫಿ, ಬೇಡ. ತೋರಿಸು."

"ತೋರಿಸಿಯೇ ಬಿಡಿ ಭಟ್ರೇ," ಎಂದರು ಹಸೈನಾರ್. "ಕಂಪನಿಯವರ ಸೀಡಿಯಲ್ಲಿ ಮಾಂಸದ ಬದಲಿಗೆ ಜೆಲಾಟಿನ್ ಗಟ್ಟಿಗೆ ಹೊಡೀತಾರಲ್ಲ, ಹಾಗೆ. ಇವ ಇನ್ನೊಮ್ಮೆ ಬೈಲಿಕ್ಕೆ ಬಂದ್ರೆ ನಿಮ್ಮ ವೀಸಾ ನನ್ನ ಕೈಯಲ್ಲಿಲ್ಲ."

ಪ್ರಾಣಿಯ ಮೂಳೆ, ಚರ್ಮದಿಂದ ಮಾಡುವ ಜೆಲಾಟಿನ್ ಎಲ್ಲಿಂದ ತರುವುದು? ಹಂದಿಯದನ್ನು ಹಸೈನಾರ್ ಅಂಗಡಿಗೆ ಸೇರಿಸರು. ದನದ್ದನ್ನು ರಾಯರ ಹೆಂಡತಿ ವಾರಿಜಾಕ್ಷಿ ಮನೆಗೆ ಸೇರಿಸಳು. ಅಂಗಡಿಯಲ್ಲಿ ಫ್ರಿಜ್ಜಿರಲಿಲ್ಲ.

"ದನದ ಎಲುಬಿನ ಪುಡಿ ನನ್ನ ಫ್ರಿಜ್ಜಿಗಾ? ನಿಮ್ಗೆ ಮಂಡೆ ಸಮ ಉಂಟಾ ಮಾರಾಯ್ರೆ? ಮೊಸರು ಇಡುವಲ್ಲಿ!"

"ಕೆಲಸ ಹೋದ್ರೆ ಮೊಸರೂ ಇಲ್ಲ, ಫ್ರಿಜ್ಜೂ ಇಲ್ಲ!"

"ಬೊಬ್ಬೆ ಹಾಕ್ಬೇಡಿ. ಚೈನಾಗ್ರಾಸ್ ಕಾಯಿಸ್ತೇನೆ. ಅದು ಕಡಲಪಾಚಿ. ಅದೂ ಗಟ್ಟಿ ಆಗ್ತದಲ್ಲ."

ಗಟ್ಟಿಯೇನೋ ಆಯಿತು. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ದಿನಸಿ ಅಂಗಡಿಗಳ ಚೈನಾಗ್ರಾಸೆಲ್ಲ ಎರಡು ಅಚ್ಚುಗಳಾಗಿ ಗುರುವಾರ ಶೂಟಿಂಗ್ ರೇಂಜಿಗೆ ಬಂತು. ಸಯೀದ್ ಹಗುರ ಗುಂಡು ಹೊಡೆದ. ಅಚ್ಚು ಸಿಡಿದು ಚೂರಾಯಿತು. ಭಾರದ ಗುಂಡು ಹೊಡೆದ. ಅದೂ ಸಿಡಿದು ಚೂರಾಯಿತು. ಮಾಂಸ ಹಿಗ್ಗಿ ಕುಗ್ಗುತ್ತದೆ, ಚೈನಾಗ್ರಾಸ್ ಬಿರಿಯುತ್ತದೆ. ಗುಂಡು ಎಷ್ಟು ಆಳಕ್ಕೆ ಹೋಯಿತೆಂದು ಕಾಣಲು ಒಳಗಿನ ದಾರಿಯೇ ಉಳಿಯಲಿಲ್ಲ.

ಸಯೀದ್ ಹೊಟ್ಟೆ ಹಿಡಿದು ನಕ್ಕ. "ಮೊದಲನೆಯದರ ಚೂರು ಹೆಚ್ಚು ದೂರ ಹಾರಿತು. ಅದೇ ಕೊಡು. ಖಲಾಸ್!"

"ಎಂಥ ಭಟ್ರೇ, ಪಾಯಸ ಮಾಡಿದ್ದಾ?" ಹಸೈನಾರ್ ಹಲ್ಲು ಕಡಿದರು.

ಹುಸಿನಗೆಯ ಹಿಂದೆ ವರ್ಷಗಳಿಂದ ಅದುಮಿಟ್ಟ ಸಿಟ್ಟು ರಾಯರ ಗಂಟಲಿಗೆ ಬಂತು. ಬಂದದ್ದು ಹಿಂದಿಯೋ ಅರಬ್ಬಿಯೋ ಅವರಿಗೇ ತಿಳಿಯಲಿಲ್ಲ: "ನಿನ್ನ ಎಲ್ಯಾಂಡ್ ಏನು ಜೆಲ್ಲಿಯಾ? ಅದಕ್ಕೆ ಭುಜದ ಮೂಳೆ ಇಲ್ಲವಾ?"

ಹಸೈನಾರ್ ಕಣ್ಣು ಮುಚ್ಚಿಕೊಂಡರು. ಸಯೀದನ ನಗು ನಿಂತಿತು. ಡ್ರೈವರನ್ನು ಕೂಗಿದ: "ಯಲ್ಲಾ, ಮಾರ್ಕೆಟ್ಟಿಗೆ ಹೋಗು. ಒಂಟೆಯ ಭುಜ ತಾ, ಎರಡು."

ಅವುಗಳನ್ನು ಚೌಕಟ್ಟಿಗೆ ಕಟ್ಟಿದ್ದೂ ರಾಯರೇ. ಉಸಿರು ಬಿಗಿಹಿಡಿದು, ಮುಖ ಅತ್ತ ತಿರುಗಿಸಿ, ಕೊಬ್ಬಿನಲ್ಲಿ ಜಾರುವ ಹಗ್ಗವನ್ನು ಬಿಗಿದರು. ದಾಟಿ ಬರುವ ಗುಂಡು ಹಿಡಿಯಲು ಅವುಗಳ ಹಿಂದೆ ನೀರಿನಲ್ಲಿ ನೆನೆಸಿದ ಪತ್ರಿಕೆಗಳ ಕಟ್ಟು ಇಟ್ಟರು.

ಸಯೀದ್ ಹೊಡೆದ ಹಗುರ ಗುಂಡು ಅಂಗೈಯಗಲದ ಹೊಂಡ ತೋಡಿ ಮೂಳೆಯ ಮೇಲೆಯೇ ಪುಡಿಯಾಗಿತ್ತು. ಹಿಂದಿನ ಪತ್ರಿಕೆಗಳಿಗೆ ತಾಗಿದ್ದು ಬರೀ ಚೂರು. ಭಾರದ್ದು ಮೂಳೆ ಮುರಿದು, ಕಟ್ಟಿನ ನಡುವೆ ಅಣಬೆಯಾಗಿ ಕೂತಿತ್ತು.

ಸಯೀದ್ ಆ ಹೊಂಡದೊಳಗೆ ಬೆರಳಿಟ್ಟು ಮುರಿಯದ ಮೂಳೆಯನ್ನು ಮುಟ್ಟಿ ನೋಡಿದ.

"ಹಾಗಾದರೆ ನನ್ನದು ಕೂಡಲೇ ಸತ್ತಿರಲಿಕ್ಕಿಲ್ಲ," ಎಂದ.

"ಇಲ್ಲ," ಎಂದರು ರಾಯರು.

ಅವನು ಭಾರದ ಗುಂಡುಗಳನ್ನೇ ಕೊಂಡ. ಮುಂದಿನ ಸಲವೂ ಈ ಮನುಷ್ಯನೇ ಗುಂಡು ಆರಿಸಿಕೊಡಬೇಕೆಂದು ಹಸೈನಾರರಿಗೆ ಹೇಳಿ ಹೊರಟ. ಕಾರು ಮರೆಯಾಗುತ್ತಲೇ ಹಸೈನಾರ್ ರಾಯರ ಬೆನ್ನು ತಟ್ಟಿದರು.

"ಕೆಲಸ ಗಟ್ಟಿ ಆಯ್ತು ಭಟ್ರೇ! ಇನ್ನು ಎಲ್ಲ ಗಿರಾಕಿಗಳಿಗೂ ಇದನ್ನೇ ತೋರಿಸುವ. ಪ್ರತಿ ಗುರುವಾರ. ಒಂಟೆ ನಾನು ತರಿಸ್ತೇನೆ, ಕಟ್ಟುದು ನೀವು."

ರಾಯರು ಜಿಡ್ಡುಗಟ್ಟಿದ ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದು ನಿಂತಿದ್ದರು.

"ಮೊದಲು ನಳ್ಳಿ ನೀರು ಎಲ್ಲುಂಟು ಹೇಳಿ ಮಾರಾಯ್ರೆ."